ಅಜ್ಜಿಯನ್ನು ಬೇಯಿಸಿದ ದಿನ

ಆಸ್ಪತ್ರೆಗೆ ಬೇಕರಿ ಒಲೆಯ ಥರ್ಮಾಮೀಟರು ಹಿಡಿದುಕೊಂಡು ಹೋದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಹೆಂಗಸರಿಗೆ ಅಂಥ ಬುದ್ಧಿ ಹುಟ್ಟುವುದಿಲ್ಲವಾದ್ದರಿಂದ ಮನುಷ್ಯರಲ್ಲೇ ನಾನೊಬ್ಬನೇ ಅಂದರೂ ತಪ್ಪಾಗಲಾರದು.

ಯಾಕೆ ಹೋದೆ ಅಂತ ಹೇಳಬೇಕಾದರೆ ಅದರ ಹಿಂದಿನ ದಿನದಿಂದ ಶುರುಮಾಡಬೇಕು. ಅಂದು ಬೆಳಿಗ್ಗೆ ಬೇಕರಿಯ ಒಳಗೆ ಹಿಟ್ಟು ಕಲಸಲು ಹೊರಟಿದ್ದೆ. ಫೋನು ಬಂತು. ಕೈತುಂಬ ಹಿಟ್ಟು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. ಹೆಂಡತಿ.

“ಈ ಸಲಾನೂ ಇಲ್ಲ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ರಕ್ತದ ರಿಪೋರ್ಟ್ ಬಂತು. ಕಸ್ಟಮರ್ ಬಂದಿದಾರೆ, ಇಡ್ತೀನಿ.”

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮೂರನೆಯ ಸಲವೂ ಐವಿಎಫ್ ಕೈಕೊಟ್ಟಿತು ಅಂತ ಗಂಡನಿಗೆ ಹೇಳಿ, ಆ ಉಸಿರಿನಲ್ಲೇ ಯಾರದೋ ಮೂಗಿನ ಮೇಲೆ ಫ್ರೇಮು ಕೂರಿಸಿ, “ಕಿವಿ ಹಿಂದೆ ಒತ್ತುತ್ತಾ ಸಾರ್?” ಅಂತ ಕೇಳಬಲ್ಲ ಗಟ್ಟಿಗಿತ್ತಿ. ನನಗೆ ಅದೆಲ್ಲ ಬರುವುದಿಲ್ಲ. ನನಗೆ ಬರುವುದು ಕೋಪ ಒಂದೇ. ಓದು ಬಿಟ್ಟದ್ದೂ ಅದರಿಂದಲೇ. ಮೇಷ್ಟ್ರು ಕಿವಿ ಹಿಂಡಿದರು, ನಾನು ಅವರ ಸೀಮೆಸುಣ್ಣದ ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆದೆ, ಅದನ್ನು ಎತ್ತಿಕೊಂಡು ಬಾ ಅಂತ ಹೊರಗೆ ಕಳಿಸಿದರು, ಇವತ್ತಿನವರೆಗೂ ವಾಪಸು ಹೋಗಿಲ್ಲ. ಬೀದಿಯಲ್ಲಿ ನನ್ನನ್ನು ಕೆಂಡ ಅಂತಾರೆ. ಬೇಕರಿಯವನು, ಒಲೆಯ ಮುಂದೆ ನಿಲ್ಲುತ್ತೇನೆ, ಅದಕ್ಕೇ ಆ ಹೆಸರು ಅಂತ ಹೊಸಬರ ಮುಂದೆ ಹೇಳಿಕೊಳ್ಳುತ್ತೇನೆ. ಯಾರೂ ನಂಬುವುದಿಲ್ಲ.

ಫೋನು ಇಟ್ಟ ಮೇಲೆ ಹಿಟ್ಟನ್ನು ನಾದಿದೆ ಅನ್ನುವುದಕ್ಕಿಂತ ಬಡಿದೆ ಅನ್ನಬೇಕು. ಹಾಗೆ ಬಡಿಯುವಾಗ ಒಂದು ಕೆಲಸ ಮಾಡಿದೆ. ಅದನ್ನು ಹೇಳುವ ಮುಂಚೆ ಅಜ್ಜಿ ಯಾರು ಅಂತ ಹೇಳಬೇಕು.

ಮೊಸರಿಗೆ ಹೆಪ್ಪು ಹೇಗೋ ನಮ್ಮ ಬ್ರೆಡ್ಡಿಗೆ ಹುಳಿಹಿಟ್ಟು ಹಾಗೆ. ಇವತ್ತಿನದರಲ್ಲಿ ಒಂದು ಮುದ್ದೆ ಎತ್ತಿಟ್ಟು, ಅದಕ್ಕೆ ಹಿಟ್ಟು ನೀರು ಉಣಿಸಿದರೆ ನಾಳೆಗೆ ಅದೇ ಉಬ್ಬಿ ನಿಂತಿರುತ್ತದೆ. ನಮ್ಮ ಅಂಗಡಿಯಲ್ಲಿ ಅದು ಒಂದು ಪಿಂಗಾಣಿ ಭರಣಿಯೊಳಗೆ ಇರುತ್ತದೆ. ಅದಕ್ಕೆ ನಾವಿಟ್ಟ ಹೆಸರು ಅಜ್ಜಿ. ತಾತನ ಕಾಲದಿಂದ ಒಂದು ದಿನವೂ ಸಾಯದೆ ಬಂದಿದೆ ಅಂತ ಅಪ್ಪ ಗಲ್ಲಾದಲ್ಲಿ ಕೂತು ಬಂದಬಂದವರಿಗೆಲ್ಲ ಹೇಳುತ್ತಾನೆ. ನಾನು ಊಟ ಮಾಡಿದೆನೋ ಉಪವಾಸ ಬಿದ್ದೆನೋ ಅಪ್ಪ ಕೇಳಿದವನಲ್ಲ. “ಅಜ್ಜಿಗೆ ಊಟ ಹಾಕಿದ್ಯೇನೋ?” ಅಂತ ಮಾತ್ರ ದಿನಾ ಕೇಳುತ್ತಾನೆ.

ಆ ದಿನ ಭರಣಿಯನ್ನು ಬಗ್ಗಿಸಿ ಅಜ್ಜಿಯನ್ನು ಪೂರ್ತಿ ಕಲಸಿನೊಳಗೆ ಸುರಿದೆ. ಒಂದು ಮುದ್ದೆ ಎತ್ತಿಡಲಿಲ್ಲ. ಅಷ್ಟೇ ಆಗಿದ್ದರೆ ಭರಣಿಯ ಅಂಚಿಗೆ ಅಂಟಿದ್ದಾದರೂ ಉಳಿಯುತ್ತಿತ್ತು. ಆದರೆ ನನಗೆ ಇನ್ನೊಂದು ಚಾಳಿ ಇದೆ: ಕೋಪ ಬಂದರೆ ತೊಳೆಯುತ್ತೇನೆ. ತಟ್ಟೆ, ಟ್ರೇ, ಕಿಟಕಿ, ಕೈಗೆ ಸಿಕ್ಕಿದ್ದು. ಭರಣಿಯನ್ನೂ ಕುದಿಯುವ ನೀರು ಹಾಕಿ, ಬ್ರಶ್ಶಿನಿಂದ ತಿಕ್ಕಿ, ಫಳಫಳ ಅನ್ನಿಸಿ ಬೋರಲು ಹಾಕಿದೆ. ಸಂಜೆಯೊಳಗೆ ಅಜ್ಜಿಯನ್ನು ಹೋಳು ಮಾಡಿ ಊರಿಗೆಲ್ಲ ಮಾರಿಯೂ ಆಗಿತ್ತು. “ಇವತ್ತಿನ ಬ್ರೆಡ್ಡು ಏನೋ ಬೇರೆ ಥರ ಚೆನ್ನಾಗಿದೆಯಲ್ಲಪ್ಪ” ಅಂತ ಇಬ್ಬರು ಹೇಳಿದರು. ಅದಕ್ಕೂ ಸಿಟ್ಟು ಬಂತು. ನಾನು ಏನು ಮಾಡಿದ್ದೆ ಅಂತ ಆಗ ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಅಂಗಡಿಗೆ ವಾರದ ರಜೆ. ಡಾಕ್ಟರಮ್ಮ ಇಬ್ಬರನ್ನೂ ಬರಹೇಳಿದ್ದರು. ಹೊರಡುವಾಗ ಒಲೆಯ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡೆ. ನನ್ನ ತರ್ಕ ಬಹಳ ಸರಳವಾಗಿತ್ತು. ಬೇಕರಿಯಲ್ಲಿ ಹಿಟ್ಟು ಉಬ್ಬದೆ ಹೋದರೆ ನಾವು ಹಿಟ್ಟನ್ನು ಬಯ್ಯುವುದಿಲ್ಲ, ಹಿಟ್ಟು ಉಬ್ಬಲಿಡುವ ಪೆಟ್ಟಿಗೆಯ ಬಿಸಿ ನೋಡುತ್ತೇವೆ. ಐವಿಎಫ್ ಅಂದರೂ ನನಗೆ ತಿಳಿದಮಟ್ಟಿಗೆ ಅದೇ. ಅವಳ ಅಂಡಾಣು ಹೊರಗೆ ತೆಗೆದು, ಅದರೊಳಗೆ ನನ್ನದನ್ನು ಸೂಜಿಯಲ್ಲಿ ಬಿಟ್ಟು, ಪೆಟ್ಟಿಗೆಯಲ್ಲಿ ಬೆಚ್ಚಗಿಡುತ್ತಾರೆ. ಬೆಳೆದರೆ ಹೊಟ್ಟೆಯೊಳಗೆ ಬಿಡುತ್ತಾರೆ. ಮೂರು ಸಲ ಹಾಳಾಗಿದೆ ಅಂದರೆ ಪೆಟ್ಟಿಗೆ ಕೆಟ್ಟಿದೆ. ಈ ಸಣ್ಣ ವಿಷಯ ಅಷ್ಟು ಓದಿದವರಿಗೆ ಹೊಳೆದಿಲ್ಲವಲ್ಲ ಅಂತ ಬಸ್ಸಿನಲ್ಲಿ ನನಗೆ ಒಳಗೊಳಗೇ ಹೆಮ್ಮೆ ಬೇರೆ.

ಕಾರಿಡಾರಿನಲ್ಲಿ ಲ್ಯಾಬಿನ ಮೇಡಂ ಸಿಕ್ಕರು. ಹಸಿರು ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ. ಅಡ್ಡ ನಿಂತೆ.

“ಮೇಡಂ, ನಿಮ್ಮ ಪೆಟ್ಟಿಗೇಲಿ ಎಷ್ಟು ಬಿಸಿ ಇಡ್ತೀರ?”

“ಯಾವ ಪೆಟ್ಟಿಗೆ?”

“ನಮ್ಮದನ್ನ ಇಟ್ಟಿದ್ರಲ್ಲ, ಅದು.”

“ಇನ್‌ಕ್ಯುಬೇಟರಾ? ಮೂವತ್ತೇಳು ಡಿಗ್ರಿ.”

“ಯಾರು ನೋಡಿದ್ದು?”

“ಅದರ ಮೇಲೇ ಬರುತ್ತಲ್ಲ ಸಾರ್, ನಂಬರು.”

“ನಮ್ಮ ಒಲೆ ಮೇಲೂ ಬರುತ್ತೆ ಮೇಡಂ. ಬರೀ ಸುಳ್ಳು. ನೀವೊಂದು ಕೆಲಸ ಮಾಡಿ, ಇದರಲ್ಲಿ ಒಂದ್ಸಲ ಚುಚ್ಚಿ ನೋಡಿ.” ಜೇಬಿನಿಂದ ಥರ್ಮಾಮೀಟರು ತೆಗೆದೆ. ಗೇಣುದ್ದದ ಸೂಜಿ, ತುದಿಯಲ್ಲಿ ಸುಟ್ಟ ಸಕ್ಕರೆ ಅಂಟಿಕೊಂಡಿದೆ. ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು.

“ಚುಚ್ಚೋಕೆ ಅದೇನು ಕೇಕಾ?”

ಪಕ್ಕದಲ್ಲಿ ನನ್ನ ಹೆಂಡತಿ ಗೋಡೆಯ ಮೇಲಿದ್ದ ನಗುವ ಕೂಸಿನ ಪೋಸ್ಟರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲ ಅನ್ನುವ ಹಾಗೆ.

ಲ್ಯಾಬಿನ ಮೇಡಂ ಒಳ್ಳೆಯವರು. ಸೆಕ್ಯೂರಿಟಿಯನ್ನು ಕರೆಯಲಿಲ್ಲ. ತಗ್ಗಿದ ದನಿಯಲ್ಲಿ, “ಸಾರ್, ಅದೇ ಪೆಟ್ಟಿಗೇಲಿ ಬೇರೆಯವರದ್ದೂ ಇತ್ತು. ಅದು ಚೆನ್ನಾಗೇ ಬೆಳೀತು” ಅಂದರು.

ಥರ್ಮಾಮೀಟರನ್ನು ವಾಪಸು ಜೇಬಿಗೆ ಹಾಕಿಕೊಂಡೆ. ನಮ್ಮಲ್ಲೂ ಲೆಕ್ಕ ಅದೇ. ಪಕ್ಕದ ಟ್ರೇ ಉಬ್ಬಿದ್ದರೆ ಪೆಟ್ಟಿಗೆಯನ್ನು ಬಯ್ಯುವ ಹಾಗಿಲ್ಲ.

ಡಾಕ್ಟರಮ್ಮ ಹಾಳೆಯ ಮೇಲೆ ಪೆನ್ನಿನಿಂದ ಒಂದು ಗುಂಡು, ಗುಂಡಿನೊಳಗೆ ಎರಡು, ಎರಡರೊಳಗೆ ನಾಲ್ಕು ಬರೆದರು. ಅಷ್ಟರವರೆಗೆ ಎಲ್ಲ ಸರಿಯಾಗಿಯೇ ನಡೆಯುತ್ತದಂತೆ. ಆಮೇಲೆ ಗಂಡಿನ ಕಡೆಯ ಭಾಗ ಕೆಲಸ ಶುರುಮಾಡಬೇಕಂತೆ. ನಮ್ಮದು ಅಲ್ಲಿಗೆ ಬಂದು ನಿಂತುಬಿಡುತ್ತದಂತೆ. ಹೇಗೋ ಉಳಿದ ಒಂದೆರಡನ್ನು ಒಳಗೆ ಬಿಟ್ಟರೂ ಹಿಡಿಯುತ್ತಿಲ್ಲವಂತೆ.

“ನಾನು ಒಲೆ ಬಿಟ್ಟು ಗಲ್ಲಾದಲ್ಲಿ ನಿಂತೆನಲ್ಲ ಮೇಡಂ, ಅಷ್ಟು ತಿಂಗಳು!” ಅಂದೆ. ಒಲೆಯ ಝಳ ಗಂಡಸಿಗೆ ಒಳ್ಳೆಯದಲ್ಲ ಅಂತ ಅವರೇ ಮೊದಲು ಹೇಳಿದ್ದರು. ಬಿಸಿನೀರು ಬಿಟ್ಟೆ, ಬಿಗಿ ಪ್ಯಾಂಟು ಬಿಟ್ಟೆ, ಅವರು ಕೊಟ್ಟ ಮಾತ್ರೆ ನುಂಗಿದೆ, ಅಪ್ಪನನ್ನು ಒಲೆಗೆ ಕಳಿಸಿ ಗಲ್ಲಾದಲ್ಲಿ ನಿಂತು ಗಿರಾಕಿಗಳ ಜೊತೆ ದಿನಕ್ಕೊಂದು ಜಗಳ ಆಡಿದೆ. ನಾನು ಗಲ್ಲಾದಲ್ಲಿದ್ದಷ್ಟು ದಿನ ಎದುರು ಸಾಲಿನ ಬೇಕರಿಗೆ ಒಳ್ಳೆಯ ವ್ಯಾಪಾರವಾಯಿತು.

“ಸ್ವಲ್ಪ ಸುಧಾರಿಸಿದೆ. ಸಾಕಾಗುವಷ್ಟಿಲ್ಲ” ಅಂದರು ಡಾಕ್ಟರಮ್ಮ. “ಮತ್ತೆ ಇದನ್ನೇ ಮಾಡಿದ್ರೆ ಆಗೋದೇ ಇಲ್ಲ ಅಂತ ಹೇಳಲ್ಲ. ಆದ್ರೆ ಬೇರೆ ದಾರೀನೂ ಯೋಚಿಸಿ. ಡೋನರ್ ಅಂತ ಇರ್ತಾರೆ.”

“ಅಂದ್ರೆ ಬೇರೆ ಗಂಡಸು.”

“ಬೇರೆಯವರ ವೀರ್ಯಾಣು. ಅವರು ಯಾರು ಅಂತ ನಿಮಗೆ ಗೊತ್ತಾಗಲ್ಲ, ನೀವು ಯಾರು ಅಂತ ಅವರಿಗೆ ಗೊತ್ತಾಗಲ್ಲ.”

ನಾನು ಧಡಕ್ಕನೆ ಎದ್ದೆ. ಹೊರಗೆ ಹೋಗಿ ಬಾಗಿಲನ್ನು ಜೋರಾಗಿ ಎಳೆದುಕೊಳ್ಳಬೇಕು ಅಂತ ಇತ್ತು. ಆದರೆ ಎದ್ದ ರಭಸಕ್ಕೆ ಜೇಬಿನ ಥರ್ಮಾಮೀಟರು ಕೆಳಗೆ ಬಿದ್ದು ಮೇಜಿನಡಿಗೆ ಉರುಳಿತು. ಒಳ್ಳೆಯ ಥರ್ಮಾಮೀಟರು, ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ರೋಷದಿಂದ ಎದ್ದ ಗಂಡಸು ಮರುಕ್ಷಣ ಡಾಕ್ಟರಮ್ಮನ ಚಪ್ಪಲಿಯ ಪಕ್ಕ ಮೊಣಕಾಲೂರಿ ತಡಕಾಡುತ್ತಿದ್ದ. ಅವರು ಪಾಪ ಕಾಲು ಎತ್ತಿ ಕೊಟ್ಟರು. ಬಾಗಿಲಿಗೆ ನಿಧಾನವಾಗಿ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು ಇತ್ತು. ಅದನ್ನು ಧಡಾರೆನ್ನಿಸಲೂ ಆಗಲಿಲ್ಲ.

ಬಸ್ ಸ್ಟಾಪಿನ ಬೆಂಚಿನ ಮೇಲೆ ಹೆಂಡತಿ ನನ್ನ ಪಕ್ಕ ಕೂತಳು. ಒಂದು ಬಸ್ಸು ಬಿಟ್ಟೆವು.

“ಮುಗೀತಾ?” ಅಂದಳು.

“ಏನು?”

“ನಿಮ್ಮ ಕೋಪ.”

ಮನೆಯಲ್ಲಿ ಅವಳು ನನ್ನನ್ನು ನೀನು ಅನ್ನುತ್ತಾಳೆ. ನೀವು ಅಂದರೆ ಅವಳಿಗೆ ತಲೆ ಕೆಟ್ಟಿದೆ ಅಂತ ಅರ್ಥ. ನನ್ನ ಬಾಳಿನಲ್ಲಿ ಗೌರವ ಸಿಕ್ಕಾಗಲೆಲ್ಲ ಹೆದರಿಕೊಂಡಿದ್ದೇನೆ.

“ಕೇಳಿ ಇಲ್ಲಿ” ಅಂದಳು. “ಸೂಜಿ ಚುಚ್ಚಿಸ್ಕೊಂಡಿದ್ದು ನಾನು. ಹೊಟ್ಟೆ ಊದಿಸ್ಕೊಂಡಿದ್ದು ನಾನು. ನಾನು ಅದಕ್ಕೆ ಅಳ್ತಿಲ್ಲ. ಇದೇ ಥರ ಇನ್ನೊಂದು ಸಲ ಮಾತ್ರ ನಂಗೆ ಆಗಲ್ಲ. ಡೋನರ್ ಅಂದ್ರೆ ಸರಿ. ದತ್ತು ತಗೊಳ್ಳೋಣ ಅಂದ್ರೆ ಸರಿ. ನಾವಿಬ್ರೇ ಸಾಕು, ಅದೂ ಸರಿ. ನಂಗೆ ಆಸೆ ಇರೋದು ಮೊದಲನೇದು. ಆದ್ರೆ ನೀವು ಒಪ್ಪದೆ ನಾನು ಮಾಡಲ್ಲ.”

“ಯಾವನದೋ ಮಗೂಗೆ ನಾನು ಬನ್ನು ಮಾಡ್ಕೊಡಬೇಕಾ?”

“ದಿನಾ ಊರಿನ ಮಕ್ಕಳಿಗೆಲ್ಲ ಮಾಡ್ಕೊಡ್ತೀರಲ್ಲ.”

“ಅದು ವ್ಯಾಪಾರ.”

“ಮುಂದಿನ ರಜೆ ದಿನ ಕೌನ್ಸೆಲರ್ ಮೇಡಂ ಹತ್ರ ಟೈಮ್ ತಗೊಂಡಿದೀನಿ. ಬನ್ನಿ. ಬಂದು ಬಾಯಿಬಿಟ್ಟು ಹೇಳಿ, ಆಗುತ್ತೆ ಅಂತಾನೋ ಆಗಲ್ಲ ಅಂತಾನೋ. ಬರದೇ ಇದ್ರೆ ಆಗಲ್ಲ ಅಂತ ತಿಳ್ಕೋತೀನಿ. ಆಮೇಲೆ ಈ ಮಾತು ನಾನು ಜನ್ಮದಲ್ಲಿ ಎತ್ತಲ್ಲ.”

ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವಳು ಎತ್ತುವುದಿಲ್ಲ ಅಂದರೆ ಎತ್ತುವುದಿಲ್ಲ. ಅವಳು ಅದನ್ನು ಒಳಗಿಟ್ಟುಕೊಂಡು ಮುದುಕಿಯಾಗುತ್ತಾಳೆ, ನಾನು ಅವಳ ಪಕ್ಕ ಕೂತು ಟಿವಿ ನೋಡುತ್ತೇನೆ.

ಸಂಜೆ ತಲೆ ತಣ್ಣಗಾಗಲಿ ಅಂತ ಬೇಕರಿಗೆ ಹೋದೆ. ಅಜ್ಜಿಗೆ ಊಟ ಹಾಕಬೇಕಿತ್ತು. ಮೂಲೆಯಲ್ಲಿ ಭರಣಿ ಬೋರಲಾಗಿ ಮಲಗಿತ್ತು. ಎತ್ತಿ ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮುಖ ಕಾಣಿಸಿತು. ಭರಣಿಯ ತಳದಲ್ಲಿ ಮುಖ ಕಂಡಾಗ ಅದು ಎಷ್ಟು ಪೆದ್ದಾಗಿ ಕಾಣುತ್ತದೆ ಅನ್ನುವುದು ನೋಡಿದವರಿಗೇ ಗೊತ್ತು.

ಬೆರಳಿನಿಂದ ಒಳಗೆಲ್ಲ ಕೆರೆದೆ. ಕಲಸುವ ತೊಟ್ಟಿಯ ಸಂದಿ ನೋಡಿದೆ, ಏಪ್ರನ್ನಿನ ಗಂಟು ನೋಡಿದೆ. ಎಲ್ಲ ತೊಳೆದಿದ್ದೆ. ಯಾವನೋ ಶತ್ರು ಬಂದು ಹಾಳುಮಾಡಿದ್ದರೂ ಇಷ್ಟು ನೀಟಾಗಿ ಮಾಡುತ್ತಿರಲಿಲ್ಲ. ತಾತನಿಂದ ಅಪ್ಪ, ಅಪ್ಪನಿಂದ ನಾನು. ನನಗೆ ಬಂದು ನಿಂತುಹೋಯಿತು. ಡಾಕ್ಟರಮ್ಮನ ಹಾಳೆಯ ಮೇಲಿನ ಗುಂಡುಗಳು ನೆನಪಾದವು. ಒಂದೇ ದಿನ ಎರಡು ಕಡೆ ವಂಶ ನಿಲ್ಲಿಸಿದ ಕೀರ್ತಿ ಯಾರಿಗುಂಟು?

ಹೊಸದಾಗಿ ಹುಳಿ ಬರಿಸಲು ವಾರಗಟ್ಟಲೆ ಬೇಕು. ನಾಳೆ ಬೆಳಿಗ್ಗೆ ಅಂಗಡಿ ತೆರೆಯಬೇಕು. ಈ ಬೀದಿಯಲ್ಲಿ ಅಂಥ ಹಿಟ್ಟು ಇರುವುದು ಇನ್ನೊಂದೇ ಕಡೆ, ಕಡ್ಡಿಯ ಹತ್ತಿರ.

ಕಡ್ಡಿ ಅಂದರೆ ಎದುರು ಸಾಲಿನ ಬೇಕರಿಯವನು. ಬೇಕರಿಯಲ್ಲಿ ಅಷ್ಟು ವರ್ಷ ನಿಂತೂ ಕಡ್ಡಿಯ ಹಾಗಿದ್ದಾನೆ ಅಂದರೆ ತನ್ನ ಬ್ರೆಡ್ಡನ್ನು ತಾನೇ ತಿನ್ನುವುದಿಲ್ಲ ಅಂತ ಅರ್ಥ ಅನ್ನುವುದು ಅಪ್ಪನ ವಾದ. ಯಾರ ಬೋರ್ಡು ರಸ್ತೆಗೆ ಎಷ್ಟು ಮುಂದೆ ಬರಬೇಕು ಅನ್ನುವ ಜಗಳದಲ್ಲಿ ಅವರಿಬ್ಬರಿಗೂ ಮಾತು ನಿಂತು ಯಾವ ಕಾಲವಾಯಿತೋ. ಬೆನ್ನ ಹಿಂದೆ ನಾನೂ ಅವನನ್ನು ಕಡ್ಡಿ ಅನ್ನುವವನೇ. ಆ ಸಂಜೆ ಅವನ ಹಿತ್ತಿಲ ಬಾಗಿಲಲ್ಲಿ ನಿಂತು, “ಚಿಕ್ಕಪ್ಪಾ” ಅಂದೆ.

“ಓಹೋ, ಕೆಂಡ! ಏನಪ್ಪ, ಚಿಕ್ಕಪ್ಪ ಆಗ್ಬಿಟ್ನಾ ನಾನು? ಯಾರಿಗೆ ಹೊಡೆದು ಬಂದೆ?”

“ಯಾರಿಗೂ ಇಲ್ಲ. ಸ್ವಲ್ಪ ಹುಳಿಹಿಟ್ಟು ಬೇಕಿತ್ತು.”

ಕಡ್ಡಿ ಟ್ರೇ ಒರೆಸುವುದನ್ನು ನಿಲ್ಲಿಸಿದ. ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. “ಅಜ್ಜಿ ಹೋದ್ಲಾ?”

“ಹ್ಞೂಂ.”

“ಹೇಗೆ?”

“ನಾನೇ. ಪೂರ್ತಿ ಕಲಸಿ ಬೇಯಿಸಿಬಿಟ್ಟೆ. ಭರಣೀನೂ ತೊಳೆದೆ.”

“ಬಿಸಿನೀರಲ್ಲಿ?”

“ಕುದಿಯೋ ನೀರಲ್ಲಿ.”

“ಶಿವನೇ! ಕೊಲೆ ಮಾಡಿ ಸಾಕ್ಷೀನೂ ಅಳಿಸಿದೀಯಲ್ಲೋ!” ಕಡ್ಡಿಗೆ ನಗು ತಡೆಯಲಾಗಲಿಲ್ಲ. ನಗುವಾಗ ಅವನ ಪಕ್ಕೆಲುಬುಗಳೆಲ್ಲ ಅಂಗಿಯೊಳಗೆ ಓಡಾಡುತ್ತವೆ. ಒಳಗೆ ಹೋಗಿ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಿಟ್ಟು ತಂದುಕೊಟ್ಟ. ಮುಚ್ಚಳದ ಮೇಲೆ ದೊಡ್ಡದೊಂದು ತಗ್ಗು. “ಡಬ್ಬಿ ವಾಪಸ್ ಕೊಡು. ಮೊದಮೊದಲು ನನ್ನ ಅಂಗಡಿ ವಾಸನೆ ಬರುತ್ತೆ, ಗಾಬರಿಯಾಗಬೇಡ. ನಿನ್ನ ಹಿಟ್ಟು, ನಿನ್ನ ನೀರು, ನಿನ್ನ ಕೈ. ಸ್ವಲ್ಪ ದಿನ ಹೋದ್ರೆ ನಾನೇ ಬಂದು ಮೂಸಿದ್ರೂ ನಂದು ಅಂತ ಗುರುತು ಹಿಡಿಯೋಕಾಗಲ್ಲ.”

“ಅಪ್ಪಂಗೆ…”

“ನಾನ್ಯಾಕೆ ಹೇಳ್ಲಿ? ಯಾವತ್ತಾದ್ರೂ ಹೇಳಿದೀನಾ?” ಅಂದು ಬಾಗಿಲು ಹಾಕಿಕೊಂಡ.

ಆ ಕೊನೆಯ ಮಾತು ಆಗ ನನ್ನ ತಲೆಗೆ ಹತ್ತಲಿಲ್ಲ. ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ರಸ್ತೆ ದಾಟುವುದರಲ್ಲೇ ನನ್ನ ಗಮನವೆಲ್ಲ ಇತ್ತು. ಹೊಟ್ಟೆ ಮುಂದೆ ಬಂದು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದೆ. ಮೂಲೆಯ ಮೆಡಿಕಲ್ ಸ್ಟೋರಿನವನು ಹೇಗೆ ನೋಡಿದ ಅಂತ ಬರೆಯಲು ನನಗೆ ನಾಚಿಕೆಯಾಗುತ್ತದೆ.

ಮಾರನೆಯ ದಿನದ ಬ್ರೆಡ್ಡು ಉಬ್ಬಿತು. ಅದಕ್ಕೇನು ಗೊತ್ತು, ಯಾರ ಮನೆಯದು ಅಂತ. ನಾನು ಮಾತ್ರ ಒಲೆಯ ಬಾಗಿಲ ಹತ್ತಿರ ಪರೀಕ್ಷೆಗೆ ನಿಂತವನ ಹಾಗೆ ನಿಂತಿದ್ದೆ. ಅಪ್ಪ ದಿನಾ ಮೊದಲ ಬ್ರೆಡ್ಡಿನ ಅಂಚು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಹಾಕಿಕೊಂಡ. ಅಗಿದ. ನಿಧಾನ ಮಾಡಿದ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು.

“ಏನ್ ಸಾರ್, ಪರಿಮಳ ರಸ್ತೆ ಕೊನೆವರೆಗೂ ಬಂದಿದೆ?”

“ಅಜ್ಜಿ ಅಲ್ವಾ!” ಅಂದ ಅಪ್ಪ. “ನಮ್ಮಪ್ಪನ ಕಾಲದ್ದು. ಒಂದು ದಿನ ಸತ್ತಿಲ್ಲ. ಈ ರುಚಿ ಬೇರೆ ಎಲ್ಲಾದ್ರೂ ಬರುತ್ತೇನು ಹೇಳಿ? ಎದುರು ಸಾಲಲ್ಲಿ ತಿಂದು ನೋಡಿ, ಸೌದೆ!”

ನನಗೆ ತಡೆಯಲಾಗಲಿಲ್ಲ. ಗುಟ್ಟು ಉಳಿಸಿಕೊಳ್ಳಬೇಕಾದವನು ನಾನು, ಅದನ್ನು ಒಡೆಯದೆ ಬಿಡದ ಕೋಪವೂ ನನ್ನದೇ. ಗಿರಾಕಿ ಹೊರಗೆ ಹೋಗುವುದನ್ನೇ ಕಾದು ಸಿಡಿದೆ.

“ಅಪ್ಪಾ, ಅದು ಕಡ್ಡಿ ಹಿಟ್ಟು! ಅಜ್ಜಿ ಸತ್ತುಹೋದ್ಲು. ನಾನೇ ಬೇಯಿಸಿಬಿಟ್ಟೆ. ಅದು ಸೌದೆ ಅಂತೀಯಲ್ಲ, ಸೌದೇನೇ ನೀನು ಈಗ ತಿಂದಿದ್ದು!”

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದ. “ಗೊತ್ತು” ಅಂದ.

“ಗೊತ್ತು ಅಂದ್ರೆ?”

“ಒಳಗೆ ಡಬ್ಬಿ ನೋಡಿದೆ. ಮುಚ್ಚಳದ ಮೇಲಿರೋ ತಗ್ಗು ನಾನೇ ಬೀಳಿಸಿದ್ದು. ಮೆಟ್ಟಿಲ ಮೇಲೆ ಜಾರಿತ್ತು.”

ನಾನು ಗೋಡೆಗೆ ಒರಗಿ ನಿಂತೆ. “ನೀನೂ ಇಸ್ಕೊಂಡಿದೀಯಾ?”

“ಇಸ್ಕೊಳ್ಳದೆ? ಅಂಗಡಿ ಮುಚ್ಚೋಕಾಗುತ್ತೇನೋ? ಒಂದ್ಸಲ ಸೆಕೆಗೆ ಹೋಯ್ತು. ಒಂದ್ಸಲ ಇಲಿ ಬಿತ್ತು. ಇನ್ನೊಂದ್ಸಲ ನೀನು ಹುಟ್ಟಿದ್ದು. ಆಸ್ಪತ್ರೆಗೆ ಓಡೋ ಗಡಿಬಿಡೀಲಿ ಮೂರು ದಿನ ಅದಕ್ಕೆ ಊಟಾನೇ ಹಾಕಿಲ್ಲ.”

“ಅವನ ಹತ್ರ ನೀನು ಮಾತೇ ಆಡಲ್ಲ!”

“ಮಾತು ಯಾಕೆ ಬೇಕು? ಡಬ್ಬಿ ಇಟ್ಟು ಬರ್ತೀನಿ. ಅವನು ತುಂಬಿಸಿಡ್ತಾನೆ. ಅವಂದು ಹೋದಾಗ ಅವನು ಇಟ್ಟು ಹೋಗ್ತಾನೆ.”

“ಮತ್ತೆ ತಾತನ ಕಾಲದ್ದು, ತಾತನ ಕಾಲದ್ದು ಅಂತ ಊರೆಲ್ಲ ಸಾರ್ತೀಯಲ್ಲ?”

“ತಾತನ ಕಾಲದ್ದೇ ಮಾರಾಯ. ತಾತ ಕಡ್ಡಿ ಅಪ್ಪನ ಹತ್ರ ಇಸ್ಕೊಂಡಿದ್ದು” ಅಂದ ಅಪ್ಪ. ಬ್ರೆಡ್ಡಿನ ಇನ್ನೊಂದು ಅಂಚು ಮುರಿದ. “ನಮ್ಮದು ಅಂದ್ರೆ ಇನ್ನೇನೋ? ಯಾರು ದಿನಾ ಊಟ ಹಾಕ್ತಾರೋ ಅವರದ್ದು. ನಿಂತ್ಕೊಂಡು ಏನು ನೋಡ್ತೀಯ? ಟ್ರೇ ಹೊತ್ತುತ್ತೆ.”

ಅಪ್ಪನಿಗೆ ಡೋನರ್ ವಿಷಯ ಗೊತ್ತಿರಲಿಲ್ಲ. ಮಗ ಸೊಸೆ ಆಸ್ಪತ್ರೆಗೆ ಓಡಾಡುತ್ತಾರೆ ಅನ್ನುವುದಷ್ಟೇ ಅವನಿಗೆ ಗೊತ್ತು. ಅವನು ಹಿಟ್ಟಿನ ಮಾತು ಹಿಟ್ಟಿನ ಬಗ್ಗೆಯೇ ಆಡಿದ್ದ. ಆದರೆ ಓದುವ ನಿಮಗೆ ಈಗ ಏನೋ ಅರ್ಥವಾಗಿರುತ್ತದೆ, ತಲೆದೂಗುತ್ತಿರುತ್ತೀರಿ. ನನಗೂ ಅರ್ಥವಾಯಿತು. ಓದು ಬಿಟ್ಟವನು ಅಷ್ಟೆ, ದಡ್ಡನಲ್ಲ. ಅರ್ಥವಾದದ್ದಕ್ಕೇ ಕೋಪ ಇನ್ನೂ ಹೆಚ್ಚಾಯಿತು. ಬದುಕಿನಲ್ಲಿ ಒಂದು ಸಂಕಟ ಬಂದಿದೆ, ಮನಸಾರೆ ಅನುಭವಿಸಿ ಹಾಳಾಗೋಣ ಅಂದರೆ ಒಂದು ಭರಣಿ ಹಿಟ್ಟು ಬಂದು ಪಾಠ ಹೇಳಬೇಕೆ? ಹಿಟ್ಟು ಬೇರೆ, ಮಗು ಬೇರೆ. ಹಿಟ್ಟು ದೊಡ್ಡದಾಗಿ, “ನಂಗೆ ಯಾರ ಮೂಗು ಬಂದಿದೆ?” ಅಂತ ಕೇಳುವುದಿಲ್ಲ. ಆ ದಿನ ಅಂಗಡಿಯ ಷಟರು, ನಾಮಫಲಕ, ಫ್ಯಾನಿನ ರೆಕ್ಕೆ ಎಲ್ಲ ತೊಳೆದೆ. ಭರಣಿಯನ್ನು ಮಾತ್ರ ಮುಟ್ಟಲಿಲ್ಲ.

ಆ ವಾರ ನಾನು ಮಾಡಿದ ಇನ್ನೊಂದು ಘನಕಾರ್ಯ ಅಂದರೆ ಗಂಡಸರನ್ನು ನೋಡಿದ್ದು. ಬ್ರೆಡ್ಡು ಕೊಳ್ಳಲು ಬಂದವನ ಕಿವಿ ನೋಡುತ್ತಿದ್ದೆ, ಬಸ್ಸಿನಲ್ಲಿ ಪಕ್ಕದವನ ಹಲ್ಲು ನೋಡುತ್ತಿದ್ದೆ. ಇವನಾಗಿರಬಹುದೇ? ಛೆ, ಇವನ ಮಗು ನನಗೆ ಬೇಡ, ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ಕಿತ್ತಾಡುತ್ತಿದ್ದಾನೆ. ಇವನು ಪರವಾಗಿಲ್ಲ, ಮುದುಕಿಗೆ ಸೀಟು ಬಿಟ್ಟ. ಅಂಚೆಯವನು ಒಳ್ಳೆಯವನು, ಆದರೆ ಬಕ್ಕತಲೆ. ಹೀಗೆ ಊರಿನ ಅರ್ಧ ಗಂಡಸರನ್ನು ಫೇಲು ಮಾಡಿದೆ. ಆಮೇಲೆ ಒಂದು ಮಧ್ಯಾಹ್ನ ಅದೇ ಕಣ್ಣಿನಿಂದ ಒಲೆಯ ಗಾಜಿನಲ್ಲಿ ನನ್ನನ್ನು ನೋಡಿಕೊಂಡೆ. ಕುಳ್ಳ, ಮುಂಗೋಪಿ, ಅರ್ಧಕ್ಕೆ ಶಾಲೆ ಬಿಟ್ಟವನು, ಒಂದು ಕಿವಿ ಇನ್ನೊಂದಕ್ಕಿಂತ ಮೇಲಿದೆ. ಯಾವ ಡೋನರ್ ಬ್ಯಾಂಕೂ ನನ್ನನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಇಂಥದ್ದನ್ನೇ ಬೇಕು ಅಂತ ಆರಿಸಿಕೊಂಡವಳು ಒಬ್ಬಳೇ. ಅವಳು ಕನ್ನಡಕದ ಅಂಗಡಿಯಲ್ಲಿ ಇರುತ್ತಾಳೆ, ಕಣ್ಣು ಸರಿಯಿಲ್ಲ ಅನ್ನುವ ಹಾಗೂ ಇಲ್ಲ.

ರಜೆಯ ದಿನ ಬಂತು. ಅವಳು ಬೆಳಿಗ್ಗೆ, “ಬರ್ತೀಯಾ?” ಅಂತ ಕೇಳಲಿಲ್ಲ. ತಲೆ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವುದನ್ನು ಸ್ವಲ್ಪ ತಡಮಾಡಿ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನ ಹತ್ತಿರ ತಿರುಗಿ ನೋಡಿದ್ದರೆ ನಾನು ಸೊಟ್ಟ ಮುಖ ಮಾಡಿ ಒಳಗೆ ಹೋಗುತ್ತಿದ್ದೆನೇನೋ. ಅವಳು ನೋಡಲಿಲ್ಲ. ಅವಳ ಬೆನ್ನು ನೋಡಿದೆ. ಮೂರು ಸಲವೂ ಸೋತು ಬಂದಾಗ ಅವಳು ಹೀಗೇ ನೆಟ್ಟಗೆ ನಡೆದಿದ್ದಳು.

ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಓಡಿದೆ. ಬಸ್ಸು ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿನ ಡ್ರೈವರನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಯ್ದೆ.

ಕೌನ್ಸೆಲರ್ ಮೇಡಂ ಕೋಣೆಯ ಬಾಗಿಲು ತಳ್ಳಿದಾಗ ಅವರ ಎದುರಿಗೆ ಅವಳು ಒಬ್ಬಳೇ ಕೂತಿದ್ದಳು, ಚೀಲ ಮಡಿಲಲ್ಲಿ. ನನ್ನನ್ನು ನೋಡಿ ಚೀಲವನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟಳು. ಪಕ್ಕದ ಕುರ್ಚಿ ಮೊದಲೇ ಖಾಲಿ ಇತ್ತು.

“ಕೂತ್ಕೊಳ್ಳಿ” ಅಂದರು ಮೇಡಂ. “ಎತ್ತರ, ಬಣ್ಣ, ರಕ್ತದ ಗುಂಪು ಎಲ್ಲ ನಿಮಗೆ ಹೊಂದೋ ಹಾಗೆ ನೋಡ್ತಾರೆ ಅಂತ ಇವರಿಗೆ ಹೇಳ್ತಿದ್ದೆ. ನಿಮ್ಮ ಮನಸ್ಸಲ್ಲಿ ಏನಿದೆ, ನಿಧಾನವಾಗಿ ಹೇಳಿ. ಇವತ್ತೇ ತೀರ್ಮಾನ ಆಗಬೇಕು ಅಂತೇನಿಲ್ಲ.”

ನಾನು ದಾರಿಯಲ್ಲಿ ಒಂದು ಒಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು.

“ಎತ್ತರ ನನ್ನಷ್ಟೇ ಯಾಕೆ? ಸ್ವಲ್ಪ ಜಾಸ್ತಿ ಇರೋರನ್ನ ಹುಡುಕಿ. ಮೇಲಿನ ಶೆಲ್ಫಿನ ಟ್ರೇ ನಂಗೆ ಎಟುಕಲ್ಲ. ಆಮೇಲೆ ಅವನು ಶಾಲೆ ಬಿಟ್ಟಿರಬಾರದು. ಎರಡೂ ಕಿವಿ ಒಂದೇ ಮಟ್ಟದಲ್ಲಿರಬೇಕು, ಇಲ್ದಿದ್ರೆ ಇವಳ ಅಂಗಡೀಲಿ ಕನ್ನಡಕ ಕೂರಿಸೋದು ಕಷ್ಟ. ಮುಖ್ಯವಾಗಿ ಕೋಪ! ಕೋಪ ಇರಲೇಬಾರದು. ಒಂದು ಚೂರೂ. ನೋಡಿ, ವಿಚಾರಿಸಿ, ಬೇಕಾದ್ರೆ ಯಾರಾದ್ರೂ ಅವನ ಕಾಲು ತುಳಿದು ನೋಡಿ!”

ಮೇಡಂ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. “ಅಂದ್ರೆ… ನೀವು ಒಪ್ತಿದೀರಿ ಅಂತಾನಾ?”

“ಒಪ್ಪದೆ ಇಷ್ಟೆಲ್ಲ ಯಾಕ್ರೀ ಹೇಳ್ತಿದೀನಿ ನಾನು? ತಲೆ ಕೆಟ್ಟಿದೆಯಾ ನಂಗೆ?”

ಕೂಗಿದೆ ಅಂತ ನನಗೆ ಗೊತ್ತಾಗಲಿಲ್ಲ. ಹೊರಗಿನ ಸಾಲಿನಲ್ಲಿ ಮಾತಾಡುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದದ್ದರಿಂದ ಗೊತ್ತಾಯಿತು.

ಹೆಂಡತಿ ನನ್ನ ಅಂಗಿಯ ಕಡೆ ನೋಡಿ, ತಪ್ಪು ಹಾಕಿದ್ದ ಗುಂಡಿಯೊಂದನ್ನು ಬಿಚ್ಚಿ ಸರಿಯಾದ ಕಾಜಕ್ಕೆ ಹಾಕಿದಳು. ಆಮೇಲೆ ಮೇಡಂ ಕಡೆ ತಿರುಗಿದಳು.

“ಕೋಪದ್ದು ತಲೆ ಕೆಡಿಸ್ಕೋಬೇಡಿ ಮೇಡಂ. ಎಂಥ ಸಮಾಧಾನದವರದ್ದು ಕೊಟ್ರೂ ಅಷ್ಟೆ. ಇವನ ಕೈಯಲ್ಲಿ ಬೆಳೆಯುತ್ತಲ್ಲ, ಇವನ ಹಾಗೇ ಆಗುತ್ತೆ.”

ಮೂಗಿನೊಳಗೆ ಹಿಟ್ಟಿನ ಧೂಳು ಹೋದಾಗ ಹೇಗೆ ಉರಿಯುತ್ತದೋ ಹಾಗೆ ಉರಿಯಿತು. ಮೇಡಂ ಮೇಜಿನ ಮೇಲಿದ್ದ ಟಿಶ್ಯೂ ಡಬ್ಬಿಯನ್ನು ನಯವಾಗಿ ನನ್ನ ಕಡೆ ತಳ್ಳಿದರು. ಸಾಮಾನ್ಯವಾಗಿ ಅದು ಹೆಂಗಸರ ಕಡೆ ಹೋಗುತ್ತದಂತೆ.

ಈ ಸಲ ಹಿಡಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮನೂ ಭರವಸೆ ಕೊಡಲಿಲ್ಲ. ಹಿಡಿಯದಿದ್ದರೆ ದತ್ತು ಕೇಳೋಣ ಅಂತ ಕಾರಿಡಾರಿನಲ್ಲೇ ಮಾತಾಡಿಕೊಂಡೆವು. ಅಲ್ಲಿ ಲ್ಯಾಬಿನ ಮೇಡಂ ಎದುರಿಗೆ ಬಂದರು. ನನ್ನ ಜೇಬಿನ ಕಡೆ ಒಮ್ಮೆ ನೋಡಿ, ಗೋಡೆಗೆ ಒತ್ತಿಕೊಂಡೇ ದಾಟಿಹೋದರು.

ಮೆಟ್ಟಿಲಿಳಿಯುವಾಗ ಹೆಂಡತಿ ಥಟ್ಟನೆ ನಿಂತಳು. “ಅಲ್ಲ, ಅಜ್ಜಿಗೆ ಊಟ ಹಾಕಿ ಬಂದಿದ್ಯಾ?”

ಹಾಕಿರಲಿಲ್ಲ. ಬೆಳಿಗ್ಗೆ ಓಡುವ ಗಡಿಬಿಡಿಯಲ್ಲಿ ಭರಣಿಯ ನೆನಪೇ ಆಗಿರಲಿಲ್ಲ. ಸೆಕೆ ಬೇರೆ. ಈಗಾಗಲೇ ಹಸಿದು ನೀರೊಡೆದಿರುತ್ತದೆ.

“ನೀನು ನಿಧಾನವಾಗಿ ಬಾ” ಅಂದು ಅವಳ ಕೈ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ಓಡಿದೆ.